ಪಾಟಿಚೀಲ ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಎಂಟರ ಹೊತ್ತಿಗೆ ಪುಣೆಯ ವಾರ್ಜೆಯ ಮಜೂರ್ ಅಡ್ಡಾ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾಯುತ್ತ ನಿಲ್ಲುವ ಜಾಗ, ದಾಟಿ ಹೋಗುವವರು ಇಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ಒಂದು ನಿಮಿಷ ನಿಂತರೆ ಸಾಕು, ನಮ್ಮ ಮಾತು ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ಗುಳೆ ಬಂದವರು. ಗೋಡೆ ಕಟ್ಟುವ ಗೌಂಡಿಗಳು, ಅವರ ಕೈಕೆಳಗೆ ಕಲ್ಲುಮಣ್ಣು ಹೊರುವ ಬಿಗಾರಿಗಳು. ಹತ್ತು ಗಂಟೆಯೊಳಗೆ ಯಾರೂ ಕರೆಯದಿದ್ದರೆ ಅವತ್ತಿನ ಕೂಲಿ ಹೋಯಿತು. ಈ ವಾರ ಎಷ್ಟು ದಿನ ಕೆಲಸ ಅಂತ ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ಈ ಮನೆಗಳ ಮಕ್ಕಳಿಗೆ ನಾವು ಕೆಲವರು ಸೇರಿ ಪ್ರತಿ ಜೂನ್‌ನಲ್ಲಿ ಪಾಟಿಚೀಲ, ನೋಟ್‌ಬುಕ್ ಕೊಡುತ್ತಿದ್ದೆವು. ದೀಪಾವಳಿ ಬರುವಷ್ಟರಲ್ಲಿ ಅರ್ಧ ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ಒಂದು ಮನೆಯಲ್ಲಿ ನಾವು ಕೊಟ್ಟ ಚೀಲ ಗೂಟಕ್ಕೆ ನೇತಾಡುತ್ತಿತ್ತು. ಒಳಗೆ ಈರುಳ್ಳಿ. ಹನ್ನೊಂದು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಸೆಂಟ್ರಿಂಗ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅಮ್ಮ ಬಿಗಾರಿ ಕೆಲಸಕ್ಕೆ ಹೋಗಿದ್ದರು.

ಸರಿ, ತಾಯಿಗೇ ದುಡಿಮೆಯ ದಾರಿ ಮಾಡಿಕೊಡೋಣ ಅಂತ ಹೊಲಿಗೆ ಮಷಿನ್ ಕೊಡಿಸಿದೆವು. ಮೂರು ತಿಂಗಳ ನಂತರ ಹೋದರೆ ಮಷಿನ್ ಇಲ್ಲ. ‘ಏನ್ ಮಾಡ್ಬೇಕ್ರೀ ಅಕ್ಕಾ, ಬಾಡಗಿ ಕೊಡೋದಿತ್ತು’ ಅಂದರು. ಅವರ ಮೇಲೆ ಬೇಜಾರು ಮಾಡಿಕೊಂಡು ವಾಪಸ್ ಬಂದೆ. ಆಮೇಲೆ ಯೋಚನೆ ಮಾಡಿದರೆ, ತಪ್ಪು ನಮ್ಮದೇ. ಹೊಲಿಗೆ ಕಲಿತು, ಗಿರಾಕಿ ಸಿಕ್ಕಿ, ಕೈಗೆ ನಾಲ್ಕು ಕಾಸು ಬರುವವರೆಗೆ ಆ ಮನೆ ಏನು ತಿನ್ನಬೇಕು? ಅದನ್ನು ನಾವು ಕೇಳಿರಲೇ ಇಲ್ಲ.

ಇದನ್ನು ಸರಿಯಾಗಿ ಯೋಚಿಸಿದವರು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು. 2002ರಲ್ಲಿ ಅವರು ತೀರಾ ಬಡ ಮನೆಗಳಿಗೆ ಹಸುವೋ ಆಡೋ ಕೊಡಲು ಶುರು ಮಾಡಿದರು. ಆದರೆ ಸುಮ್ನೆ ಕೊಟ್ಟು ಹೋಗಲಿಲ್ಲ. ಆದಾಯ ಬರುವವರೆಗೆ ಊಟದ ಖರ್ಚಿಗೆ ಅಂತ ಸ್ವಲ್ಪ ದುಡ್ಡು ಕೊಟ್ಟರು. ಆಗಾಗ ಮನೆಗೆ ಬಂದು ವಿಚಾರಿಸುವ ಒಬ್ಬರು, ಜೊತೆಗೆ ಒಂದಿಷ್ಟು ಉಳಿತಾಯ. ಹೀಗೆ ಸುಮಾರು ಎರಡು ವರ್ಷ. ಇದೇ ಕ್ರಮವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳು ಒಟ್ಟಾರೆ ನೆರವು ಸಿಗದ ಅಂಥದೇ ಮನೆಗಳಿಗಿಂತ ಚೆನ್ನಾಗಿಯೇ ಇದ್ದವು.

ಎರಡನೇ ಸಲ ಏನು ಬೇಕು ಅಂತ ಆ ತಾಯಿಯನ್ನೇ ಕೇಳಿದೆವು. ಜೋಳದ ರೊಟ್ಟಿ ಮಾಡಿ ಮಾರುತ್ತೇನೆ ಅಂದರು. ದೊಡ್ಡ ಹಂಚು, ಪರಾತ, ಐದು ಕೆಜಿಯ ಸಣ್ಣ ಸಿಲಿಂಡರ್. ಅದಕ್ಕೆ ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಜೊತೆಗೆ ನಾಲ್ಕು ತಿಂಗಳ ಬಾಡಿಗೆ. ಪ್ರತಿ ಶನಿವಾರ ಹೋಗಿ ಕೂತು ಲೆಕ್ಕ ನೋಡುತ್ತಿದ್ದೆ. ಹತ್ತು ರೊಟ್ಟಿಗೊಂದು ಗೆರೆಯಂತೆ ಬಾಗಿಲ ಹಿಂದೆ ಇದ್ದಿಲಿನಲ್ಲಿ ಎಳೆದಿರುತ್ತಿದ್ದರು. ಮಾರಾಟ ಜೋರು, ಕೈಯಲ್ಲಿ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಹಿಟ್ಟಿನ ಲೆಕ್ಕ ಅವರಿಗೆ ಬಾಯಿಪಾಠ, ಗ್ಯಾಸಿನ ಲೆಕ್ಕ ಹಿಡಿದೇ ಇರಲಿಲ್ಲ! ಹಿಡಿದ ಮೇಲೆ ರೊಟ್ಟಿಗೆ ಎರಡು ರೂಪಾಯಿ ಏರಿಸಿದರು. ಒಬ್ಬ ಗಿರಾಕಿಯೂ ಬಿಟ್ಟು ಹೋಗಲಿಲ್ಲ.

ಸರ್ಕಾರದಿಂದ ಬರಬೇಕಾದ್ದೂ ಇದೆ. ಊರಿನ ರೇಷನ್ ಕಾರ್ಡ್ ಇಲ್ಲಿಯೂ ನಡೆಯುತ್ತದೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯಲ್ಲಿ ತಿಂಗಳಿಗೆ 2,250 ರೂಪಾಯಿ ಸಿಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1996ರ ಕಾನೂನಿನಂತೆ ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಪಾಳ್ಣಾಘರ್, ಅಂದರೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆ, ಇರಲೇಬೇಕಿತ್ತು. ಅದು ಇದ್ದರೆ ಅಕ್ಕಂದಿರು ಶಾಲೆ ಬಿಟ್ಟು ಕೂಸು ಹೊರುವುದು ತಪ್ಪುತ್ತದೆ. ಕಟ್ಟಡ ಕಾರ್ಮಿಕ ಅಂತ ನೋಂದಾಯಿಸಲು ವರ್ಷದಲ್ಲಿ 90 ದಿನ ದುಡಿದಿರಬೇಕು. ಅಡ್ಡಾದಲ್ಲಿ ನಿಲ್ಲುವವರಿಗೆ ದಿನಕ್ಕೊಬ್ಬ ಮಾಲೀಕ, ದುಡಿದಿದ್ದಕ್ಕೆ ಸಹಿ ಯಾರ ಹತ್ತಿರ ಕೇಳಬೇಕು? ಫಾರಂ ಇರುವುದು ಮರಾಠಿಯಲ್ಲಿ. ನಿಮಗೆ ಎರಡೂ ಭಾಷೆ ಬರುತ್ತದೆ ಅಲ್ವಾ? ಭಾನುವಾರ ಎರಡು ಗಂಟೆ ಬಂದು ಫಾರಂ ತುಂಬಿಕೊಡಿ. ಹತ್ತು ಪಾಟಿಚೀಲಕ್ಕಿಂತ ನಮಗೆ ಅದು ಬೇಕು.

ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಅವಳ ತಮ್ಮ, ಅಮ್ಮನ ಪಕ್ಕದಲ್ಲೇ ಹಿಟ್ಟಿನ ಉಂಡೆ ಹಿಡಿದು ಆಡುತ್ತಿರುತ್ತಾನೆ. ಆದರೂ ತಿಂಗಳಿಗೆ ಎರಡು ದಿನವಾದರೂ ಅವಳು ಶಾಲೆ ತಪ್ಪಿಸುತ್ತಾಳೆ, ದೊಡ್ಡ ಆರ್ಡರ್ ಬಂದಾಗ. ಅದಕ್ಕೇ ಕೇಳಿಕೊಳ್ಳುತ್ತೇನೆ: ಮನೆಯ ಕಾರ್ಯಕ್ಕೆ ರೊಟ್ಟಿ ಹೇಳುವುದಿದ್ದರೆ ದಯವಿಟ್ಟು ಎರಡು ದಿನ ಮೊದಲೇ ಹೇಳಿ. ಹಿಂದಿನ ರಾತ್ರಿ ಹೇಳಿದರೆ ಬೆಳಗ್ಗೆ ಹಿಟ್ಟು ನಾದಲು ಅವಳೇ ಕೂರಬೇಕಾಗುತ್ತದೆ.