ಲೆಕ್ಕದ ಹಾಳೆಗೆ ಬೀಗ: ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು

(ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸ)

ಬಂಧುಗಳೇ,

ಮಾಟುಂಗಾದ ಖಜಾಂಚಿ, ಡೊಂಬಿವಲಿಯ ಕಾರ್ಯದರ್ಶಿ, ಗೋರೆಗಾಂವ್‌ನ ಸಮಿತಿ ಸದಸ್ಯರು, ಮೂವರೂ ಒಂದೇ ಎಕ್ಸೆಲ್ ಫೈಲಿನಲ್ಲಿ ಸದಸ್ಯರ ಚಂದಾ ತುಂಬುತ್ತಾರೆ ಎನ್ನಿ. ಬಾಕಿ ತೋರಿಸುವ ಕಾಲಮ್ಮಿನಲ್ಲಿ =ಸಿ2-ಡಿ2 ಎಂಬ ಸೂತ್ರವಿದೆ. ಅದರ ಮೇಲೆಯೇ ಯಾರೋ 500 ಎಂದು ಟೈಪಿಸಿದರೆ ಸೂತ್ರ ಹೋಗಿ ಬರೀ ಅಂಕಿ ಉಳಿಯುತ್ತದೆ. ಎಕ್ಸೆಲ್ ತಡೆಯುವುದಿಲ್ಲ. ಮಾರ್ಚ್ 31ರ ಲೆಕ್ಕ ಆಡಿಟರ ಕೈಗೆ ಹೋದಾಗ ಮೊತ್ತ ತಾಳೆಯಾಗುವುದಿಲ್ಲ.

ಇಲ್ಲಿ ಬಹಳಷ್ಟು ಜನ ಎಡವುವ ವಿಷಯ ಒಂದಿದೆ. ಹೊಸ ಹಾಳೆಯ ಪ್ರತಿ ಸೆಲ್‌ಗೂ (ಚೌಕಕ್ಕೂ) ‘ಲಾಕ್ಡ್’, ಅಂದರೆ ಬೀಗದ, ಗುರುತು ಮೊದಲೇ ಇರುತ್ತದೆ. 10,48,576 ಸಾಲು, 16,384 ಕಾಲಮ್, ಅಷ್ಟಕ್ಕೂ. ಹಾಳೆಯನ್ನು ಪ್ರೊಟೆಕ್ಟ್ ಮಾಡುವವರೆಗೆ ಮಾತ್ರ ಆ ಗುರುತಿಗೆ ಬಲವಿಲ್ಲ. ಹಾಗಾಗಿ ನೇರವಾಗಿ ಪ್ರೊಟೆಕ್ಟ್ ಶೀಟ್ ಒತ್ತಿದರೆ ಇಡೀ ಹಾಳೆ ಬಂದ್ ಆಗುತ್ತದೆ, ಯಾರಿಗೂ ಒಂದಕ್ಷರ ಬರೆಯಲಾಗುವುದಿಲ್ಲ. ಬೇಸತ್ತವರು ರಕ್ಷಣೆಯನ್ನೇ ತೆಗೆದುಬಿಡುತ್ತಾರೆ.

ಆದ್ದರಿಂದ ಬೀಗ ತೆಗೆಯುವುದರಿಂದಲೇ ಶುರು ಮಾಡಿ. ಜನ ತುಂಬಬೇಕಾದ ಸೆಲ್‌ಗಳನ್ನಷ್ಟೇ ಆಯ್ದುಕೊಂಡು ಕಂಟ್ರೋಲ್ ಮತ್ತು 1 ಒತ್ತಿ, ಪ್ರೊಟೆಕ್ಷನ್ ಟ್ಯಾಬಿನಲ್ಲಿ ‘ಲಾಕ್ಡ್’ ಟಿಕ್ ತೆಗೆಯಿರಿ. ಆ ಸೆಲ್‌ಗಳಿಗೆ ತಿಳಿಹಳದಿ ಬಣ್ಣ ಕೊಟ್ಟರೆ ಎಲ್ಲಿ ಬರೆಯಬೇಕೆಂದು ಯಾರೂ ಕೇಳಬೇಕಾಗಿಲ್ಲ. ಸೂತ್ರಗಳೆಲ್ಲ ಎಲ್ಲೆಲ್ಲಿವೆ ಎಂದು ನೋಡಲು ಎಫ್5, ಸ್ಪೆಷಲ್, ಫಾರ್ಮುಲಾಸ್. ಅವುಗಳಲ್ಲಿ ‘ಲಾಕ್ಡ್’ ಟಿಕ್ ಉಳಿದಿದೆಯೇ ನೋಡಿ. ಕೊನೆಗೆ ರಿವ್ಯೂ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್ ಒತ್ತಿ ಪಾಸ್‌ವರ್ಡ್ ಕೊಡಿ. ಅಲ್ಲಿ ‘ಸೆಲೆಕ್ಟ್ ಲಾಕ್ಡ್ ಸೆಲ್ಸ್’ ಟಿಕ್ ತೆಗೆದರೆ ಕರ್ಸರ್ ಬೀಗವಿದ್ದ ಸೆಲ್‌ಗೆ ಹೋಗುವುದೇ ಇಲ್ಲ. ಟ್ಯಾಬ್ ಕೀಲಿ ಒತ್ತಿದಂತೆ ತುಂಬಬೇಕಾದ ಸೆಲ್‌ಗಳಲ್ಲೇ ಸುತ್ತುತ್ತದೆ. ಚಂದಾ ತುಂಬುವ ಹಾಳೆಗೆ ಇದೇ ಒಳ್ಳೆಯದು.

ಇಷ್ಟಾದರೂ ಕೆಡುವ ದಾರಿಗಳಿವೆ, ಅವನ್ನು ತಿಳಿದೇ ಹಾಳೆ ಹಂಚಬೇಕು. ಬೀಗವಿಲ್ಲದ ಸೆಲ್ಲನ್ನು ಯಾರಾದರೂ ಕಟ್ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ, ಅದನ್ನು ಅವಲಂಬಿಸಿದ ಸೂತ್ರ ಬೀಗದೊಳಗಿದ್ದರೂ ಅದರ ಹಿಂದೆಯೇ ಹೋಗುತ್ತದೆ. ಪೇಸ್ಟ್ ಆದ ಜಾಗವನ್ನು ನೆಚ್ಚಿಕೊಂಡಿದ್ದ ಸೂತ್ರದಲ್ಲಿ ‘ರೆಫ್’ (#REF!) ದೋಷ, ಅಂದರೆ ನೆಚ್ಚಿದ ಸೆಲ್ ಸಿಗುತ್ತಿಲ್ಲ ಎಂಬ ಸೂಚನೆ, ಕಾಣಿಸುತ್ತದೆ. ಮೌಸ್‌ನಿಂದ ಎಳೆದು ಸರಿಸಿದರೂ ಇದೇ ಪರಿಣಾಮ. ಕಟ್ ಬೇಡ, ಕಾಪಿ ಮಾಡಿ, ಹಳೆಯದನ್ನು ಅಳಿಸಲಿ. ಬೇರೆ ಫೈಲಿನಿಂದ ಪೇಸ್ಟ್ ಮಾಡಿದಾಗ ಆ ಸೆಲ್‌ನ ‘ಲಾಕ್ಡ್’ ಗುರುತೂ ಜೊತೆಗೆ ಬಂದು, ನಿನ್ನೆ ತೆರೆದಿದ್ದ ಸೆಲ್ ಇಂದು ಮುಚ್ಚಿರುತ್ತದೆ. ಪೇಸ್ಟ್ ಸ್ಪೆಷಲ್‌ನಲ್ಲಿ ‘ವ್ಯಾಲ್ಯೂಸ್’ ಆರಿಸಿದರೆ ಈ ತೊಂದರೆ ಇಲ್ಲ. ಹೆಸರುಗಳನ್ನು ಸಾರ್ಟ್ ಮಾಡಲು (ಅಕ್ಷರಕ್ರಮದಲ್ಲಿ ಜೋಡಿಸಲು) ಅನುಮತಿ ಕೊಟ್ಟರೂ, ಆ ವ್ಯಾಪ್ತಿಯಲ್ಲಿ ಒಂದೇ ಒಂದು ಬೀಗದ ಸೆಲ್ ಇದ್ದರೆ ಸಾರ್ಟ್ ನಡೆಯದು. ಎಕ್ಸೆಲ್‌ನ ‘ಟೇಬಲ್’ (ಸಾಲು ಸೇರಿಸಿದಂತೆ ತಾನೇ ಬೆಳೆಯುವ ಪಟ್ಟಿ) ಬಳಸಿದವರಿಗೆ ಹೊಸ ಸಾಲು ಸೇರಿಸುವುದೂ ಆಗದು. ಸಾಧಾರಣ ಹಾಳೆಯಲ್ಲಿ ಹೆಚ್ಚುವರಿ ಸಾಲುಗಳನ್ನು ಸೂತ್ರ ಸಮೇತ ಮೊದಲೇ ಸಿದ್ಧವಿಡುವುದು ಲೇಸು.

ಇಡೀ ಹಾಳೆಯನ್ನೇ ಅಳಿಸದಂತೆ, ಹೆಸರು ಬದಲಿಸದಂತೆ ತಡೆಯಲು ಪ್ರೊಟೆಕ್ಟ್ ವರ್ಕ್‌ಬುಕ್ ಬೇರೆಯೇ ಇದೆ. ಸದಸ್ಯರ ಪ್ಯಾನ್ ಸಂಖ್ಯೆಯಂಥ ಗುಟ್ಟಿನ ವಿವರಕ್ಕೆ ಇವೆರಡೂ ಸಾಲವು: ಇವು ಕೈತಪ್ಪನ್ನು ತಡೆಯುತ್ತವೆ, ಕಳ್ಳನನ್ನಲ್ಲ. ಅಂಥ ಫೈಲಿಗೆ ಫೈಲ್, ಇನ್‌ಫೋ, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಬೇಕು.

ಗೂಗಲ್ ಶೀಟ್ಸ್‌ನಲ್ಲಿ ಕ್ರಮ ತಿರುಗುಮುರುಗು; ಎಲ್ಲವೂ ತೆರೆದಿರುತ್ತದೆ, ಬೇಕಾದ್ದನ್ನು ಮುಚ್ಚಬೇಕು. ಡೇಟಾ ಮೆನುವಿನ ‘ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್’ನಲ್ಲಿ ಸೂತ್ರದ ಕಾಲಮ್ ಕೊಟ್ಟು, ತಿದ್ದಬಲ್ಲವರ ಹೆಸರನ್ನಷ್ಟೇ ಉಳಿಸಿ. ‘ಎಚ್ಚರಿಕೆ ಮಾತ್ರ ತೋರಿಸು’ ಎಂಬ ಆಯ್ಕೆ ಸೂತ್ರಗಳಿಗೆ ಸಾಲದು. ಅವಸರದಲ್ಲಿ ಎಲ್ಲರೂ ಓಕೆ ಒತ್ತುತ್ತಾರೆ. ಏನಾದರೂ ಕೆಟ್ಟರೆ ವರ್ಷನ್ ಹಿಸ್ಟರಿಯಲ್ಲಿ ಯಾರು, ಯಾವಾಗ ಬದಲಿಸಿದರೆಂದು ಕಾಣುತ್ತದೆ, ಹಿಂದಿನ ರೂಪಕ್ಕೆ ಮರಳಲೂಬಹುದು.

ಎಕ್ಸೆಲ್‌ನ ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಹುಡುಕಿಕೊಡುವುದಿಲ್ಲ, ದೊಡ್ಡಕ್ಷರ ಸಣ್ಣಕ್ಷರವೂ ಬೇರೆ ಬೇರೆಯೇ. ಅದನ್ನು ಕಾಗದದಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇಡಿ. ಸಮಿತಿ ಬದಲಾದ ದಿನ ಬ್ಯಾಂಕಿನ ಚೆಕ್‌ಬುಕ್ ಜೊತೆಗೆ ಅದನ್ನೂ ಒಪ್ಪಿಸಿ, ಹೊಸ ಖಜಾಂಚಿ ಅಲ್ಲೇ ಪಾಸ್‌ವರ್ಡ್ ಬದಲಿಸಲಿ.