ಐರಿಷ್ ಪದ್ಯ, ಪರವೂರಿನ ರಾಗ

ಕೇಳುಗರಿಗೆ ನಮಸ್ಕಾರ.

1904ರ ಮೇ ತಿಂಗಳು. ಡಬ್ಲಿನ್ನಿನಲ್ಲಿ ಫೆಶ್ ಕ್ಯೋಲ್ ಎಂಬ ಸಂಗೀತ ಸ್ಪರ್ಧೆ ನಡೆಯುತ್ತಿತ್ತು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ವೇದಿಕೆ ಹತ್ತಿದ. ಒಳ್ಳೆಯ ಟೆನರ್ ಕಂಠ, ಅಂದರೆ ಗಂಡಸರ ಎತ್ತರದ ದನಿ. ಕೊಟ್ಟಿದ್ದ ಹಾಡುಗಳನ್ನು ಚೆನ್ನಾಗಿಯೇ ಹಾಡಿದ. ಆಮೇಲೆ ಒಂದು ಸ್ವರಲಿಪಿ ಕೈಗೆ ಕೊಟ್ಟು, ಇದನ್ನು ನೋಡಿಕೊಂಡು ಹಾಡು ಎಂದರು. ಆತ ಹಾಡಲಿಲ್ಲ. ವೇದಿಕೆ ಇಳಿದು ಹೋಗಿಯೇಬಿಟ್ಟ. ಚಿನ್ನದ ಪದಕ ಕೈತಪ್ಪಿತು. ಕೊನೆಗೆ ಸಿಕ್ಕಿದ್ದು ಕಂಚು. ಆ ಹುಡುಗನ ಹೆಸರು ಜೇಮ್ಸ್ ಜಾಯ್ಸ್, ಮುಂದೆ ಯುಲಿಸಿಸ್ ಕಾದಂಬರಿ ಬರೆದವನು.

ಮುಂದಿನ ತಿಂಗಳು ಜಾಯ್ಸ್‌ಗೆ ಇರಲು ಸರಿಯಾದ ಜಾಗವಿರಲಿಲ್ಲ. ಸ್ಯಾಂಡಿಮೌಂಟ್ ಎಂಬಲ್ಲಿ ಒಬ್ಬ ಕವಿ ಮತ್ತು ಅವರ ಹೆಂಡತಿ ಕೆಲವು ರಾತ್ರಿ ಅವನನ್ನು ಮನೆಯಲ್ಲಿ ಇಟ್ಟುಕೊಂಡರು. ಆ ದಂಪತಿ ಸಸ್ಯಾಹಾರಿಗಳು. ಆ ಊಟ ಅವನ ಹೊಟ್ಟೆಗೆ ಒಗ್ಗಲಿಲ್ಲವಂತೆ, ಬೇಗ ಹೊರಟುಬಿಟ್ಟ. ಆ ಕವಿ ಯಾರು ಗೊತ್ತಾ? ಜೇಮ್ಸ್ ಕಸಿನ್ಸ್. ಹೌದು, 1924ರಲ್ಲಿ ಮೈಸೂರಿನಲ್ಲಿ ಕುವೆಂಪು ಅವರ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದವರು ಅವರೇ. ಹೆಂಡತಿ ಮಾರ್ಗರೆಟ್ ಕಸಿನ್ಸ್ ಡಬ್ಲಿನ್ನಿನಲ್ಲಿ ಸಂಗೀತ ಕಲಿತವರು. 1919ರಲ್ಲಿ ಮದನಪಲ್ಲಿಯಲ್ಲಿ ಟಾಗೋರರು ಜನಗಣಮನ ಹಾಡಿದಾಗ ಅದರ ಧಾಟಿಯನ್ನು ಸ್ವರಲಿಪಿಗೆ ಇಳಿಸಿದವರು ಈಕೆ. ನಮ್ಮ ಕಥೆಗೆ ಇದು ಪಕ್ಕದ ದಾರಿ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಇವತ್ತಿನ ವಿಷಯ ಐರ್ಲೆಂಡಿನ ಭಾವಗೀತೆಗಳು. ಅವುಗಳಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರು ಹೇಗೆ ರಾಗ ಹಾಕಿದರು ಎನ್ನುವುದು. ಇದರಲ್ಲಿ ನನಗೆ ಕಾಣುವ ಸ್ವಾರಸ್ಯ ಒಂದೇ. ಹಾಡಲಿ ಎಂದು ಬರೆದ ಪದ್ಯಗಳಿಗಿಂತ, ಹಾಡು ಬೇಡ ಎಂದವರ ಪದ್ಯಗಳು, ಹಾಡಿನ ಯೋಚನೆಯೇ ಇಲ್ಲದೆ ಗೀಚಿದ ಸಾಲುಗಳು ಹೆಚ್ಚು ಒಳ್ಳೆಯ ಹಾಡುಗಳಾದವು. ಯಾಕೆ ಹೀಗೆ?

ಮೊದಲು ಹಾಡಲೆಂದೇ ಬರೆದವನನ್ನು ನೋಡೋಣ. ಥಾಮಸ್ ಮೂರ್. 1779ರಲ್ಲಿ ಡಬ್ಲಿನ್ನಿನ ಒಬ್ಬ ದಿನಸಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ. ಅವನು ಹುಡುಗನಾಗಿದ್ದಾಗ, 1792ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ವಾದಕರ ಮೇಳ ಸೇರಿತು. ಬಂದ ಐರಿಷ್ ವಾದಕರು ಹತ್ತೇ ಮಂದಿ. ಅವರಲ್ಲಿ ಹೆಚ್ಚಿನವರು ಕುರುಡರು, ಬಹಳಷ್ಟು ಜನ ಮುದುಕರು. ಡೆನಿಸ್ ಹೆಂಪ್ಸನ್ ಎಂಬಾತ ತೊಂಬತ್ತು ದಾಟಿದವನು. ಲೋಹದ ತಂತಿಗಳನ್ನು ಉಗುರಿನಿಂದ ಮೀಟುವ ಹಳೆಯ ಕ್ರಮ ಉಳಿದಿದ್ದು ಅವನೊಬ್ಬನ ಕೈಯಲ್ಲಿ. ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣ ಪಕ್ಕದಲ್ಲಿ ಕೂತು ಆ ಧಾಟಿಗಳನ್ನೆಲ್ಲ ಬರೆದುಕೊಂಡ. 1796ರಲ್ಲಿ ಅದು ಪುಸ್ತಕವಾಯಿತು.

ಮೂರ್ ಕಾಲೇಜಿನಲ್ಲಿದ್ದಾಗ ಆ ಪುಸ್ತಕದ ಧಾಟಿಗಳನ್ನು ಪಿಯಾನೋದಲ್ಲಿ ನುಡಿಸುತ್ತಿದ್ದ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಗೆಳೆಯ ರಾಬರ್ಟ್ ಎಮೆಟ್. ಒಂದು ಸಲ ಎಮೆಟ್ ದಿಢೀರನೆ ಎದ್ದು, ಈ ಧಾಟಿಗೆ ಹೆಜ್ಜೆ ಹಾಕುವ ಇಪ್ಪತ್ತು ಸಾವಿರ ಜನರ ಮುಂದೆ ನಾನಿರಬೇಕಿತ್ತು ಎಂದನಂತೆ. ಇದನ್ನು ಮೂರ್ ತಾನೇ ಬರೆದಿದ್ದಾನೆ. ಎಮೆಟ್ 1803ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ. ದಂಗೆ ಸೋತಿತು. ಅವನಿಗೆ ಮರಣದಂಡನೆಯಾಯಿತು. ವಯಸ್ಸು ಆಗ 25.

ಮೂರ್ ದಂಗೆ ಏಳಲಿಲ್ಲ. ಲಂಡನ್ನಿಗೆ ಹೋಗಿ ಆ ಹಳೆಯ ಧಾಟಿಗಳಿಗೆ ಇಂಗ್ಲಿಷ್ ಮಾತು ಕೂಡಿಸಿದ. 1808ರಿಂದ 1834ರವರೆಗೆ ಐರಿಷ್ ಮೆಲೊಡೀಸ್ ಎಂಬ ಹೆಸರಿನಲ್ಲಿ ಕಂತು ಕಂತಾಗಿ ಬಂದವು. ಪ್ರಕಾಶಕರು ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ಶ್ರೀಮಂತರ ಮನೆಗಳಲ್ಲಿ ಅವನೇ ಪಿಯಾನೋ ಮುಂದೆ ಕೂತು ಹಾಡುತ್ತಿದ್ದ, ಹೆಂಗಸರು ಅಳುತ್ತಿದ್ದರು. ಹ್ಯಾಜ್ಲಿಟ್ ಎಂಬ ವಿಮರ್ಶಕ ಮಾತ್ರ ಕರಗಲಿಲ್ಲ. ಐರ್ಲೆಂಡಿನ ಕಾಡು ಹಾರ್ಪನ್ನು ಈತ ಸಂಗೀತ ನುಡಿಯುವ ನಶ್ಯದ ಡಬ್ಬಿ ಮಾಡಿಬಿಟ್ಟ ಎಂದು ಕುಟುಕಿದ. ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಆದರೆ ಪೂರ್ತಿ ಸುಳ್ಳಲ್ಲ. ಧಾಟಿಯ ಅಳತೆಗೆ ಕತ್ತರಿಸಿದ ಮಾತು ಅದು. ಧಾಟಿ ತೆಗೆದು ಬರೀ ಮಾತು ಓದಿದರೆ ಅಷ್ಟು ಹಿಡಿಸುವುದಿಲ್ಲ.

ಅದೇ ಕಾಲದಲ್ಲಿ ಎಡಿನ್‌ಬರೋದ ಜಾರ್ಜ್ ಥಾಮ್ಸನ್ ಎಂಬ ಪ್ರಕಾಶಕ ಐರಿಷ್ ಧಾಟಿಗಳನ್ನು ವಿಯೆನ್ನಾಗೆ, ಬೀಥೋವನ್‌ಗೆ ಕಳಿಸುತ್ತಿದ್ದ. ಮಾತೇ ಇಲ್ಲದ ಧಾಟಿಗಳು. ಸಾಹಿತ್ಯ ಕಳಿಸಿ ಎಂದು ಬೀಥೋವನ್ ಗೋಗರೆದ. ಮಾತು ಎಷ್ಟೋ ಹಾಡುಗಳಿಗೆ ಆಮೇಲೆ ಬಂದು ಕೂತಿತು. ಸಂಗೀತ ಸೊಗಸಾಗಿದೆ. ಹಾಡು ಮಾತ್ರ ಯಾರಿಗೂ ಸೇರದಂತೆ ಕೇಳಿಸುತ್ತದೆ.

ಮೂರ್‌ನ ಪದ್ಯಗಳಿಗೆ ನಿಜವಾದ ಅದೃಷ್ಟ ಖುಲಾಯಿಸಿದ್ದು ಅವು ಧಾಟಿ ಕಳಚಿಕೊಂಡು ಫ್ರಾನ್ಸಿಗೆ ಹೋದ ಮೇಲೆ. 1827ರಲ್ಲಿ ಪ್ಯಾರಿಸ್ಸಿನ ರಂಗಮಂದಿರವೊಂದರಲ್ಲಿ ಹ್ಯಾರಿಯೆಟ್ ಸ್ಮಿತ್ಸನ್ ಎಂಬ ಐರಿಷ್ ನಟಿ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಒಫೀಲಿಯಾ ಆಗಿ ನಟಿಸಿದಳು. ನೋಡುತ್ತ ಕೂತಿದ್ದ ತರುಣ ಫ್ರೆಂಚ್ ಸಂಯೋಜಕ ಬೆರ್ಲಿಯೋಜ್‌ಗೆ ಹುಚ್ಚು ಹಿಡಿಯಿತು. ಆಕೆಗೆ ಇಂಥವನೊಬ್ಬ ಇದ್ದಾನೆ ಎಂಬುದೂ ಗೊತ್ತಿಲ್ಲ. ಈತ ಐರ್ಲೆಂಡಿನ ಹೆಸರಿದ್ದದ್ದೆಲ್ಲ ಓದತೊಡಗಿದ. ಮೂರ್‌ನ ಪದ್ಯಗಳ ಫ್ರೆಂಚ್ ಅನುವಾದಗಳಿಗೆ 1829–30ರಲ್ಲಿ ಒಂಬತ್ತು ಹಾಡು ಕಟ್ಟಿದ. ಕೊನೆಯದು ಎಮೆಟ್ ನೆನಪಿನ ಪದ್ಯ. ಅದರ ಅನುವಾದ ಸಿಕ್ಕಿದ್ದು ಗದ್ಯದಲ್ಲಿ. ಬೆರ್ಲಿಯೋಜ್ ಆ ಗದ್ಯಕ್ಕೇ ರಾಗ ಹಾಕಿದ. ಪ್ರಾಸವಿಲ್ಲ, ಸಮನಾದ ಸಾಲುಗಳಿಲ್ಲ. ಹಾಡು ಮಾತಿನ ಹಿಂದೆ ಓಡುತ್ತದೆ, ಮುಗ್ಗರಿಸುತ್ತದೆ, ಮತ್ತೆ ಏಳುತ್ತದೆ. ಒಂಬತ್ತರಲ್ಲಿ ನನಗೆ ಮೆಚ್ಚಿಗೆಯಾದದ್ದು ಇದೊಂದೇ. ಆ ನಟಿಯನ್ನು ಬೆರ್ಲಿಯೋಜ್ 1833ರಲ್ಲಿ ಮದುವೆಯಾದ, ಸಂಸಾರ ನೆಟ್ಟಗಾಗಲಿಲ್ಲ.

1874ರಲ್ಲಿ ಹೆನ್ರಿ ದ್ಯುಪಾರ್ಕ್ ಎಂಬ ಇನ್ನೊಬ್ಬ ಫ್ರೆಂಚ್ ಸಂಯೋಜಕ ಎಮೆಟ್ ಬಗ್ಗೆ ಮೂರ್ ಬರೆದ ಮತ್ತೊಂದು ಪದ್ಯ ಎತ್ತಿಕೊಂಡ. ಅವನ ಹೆಸರು ಉಸುರಬೇಡಿ, ನೆರಳಿನಲ್ಲಿ ಮಲಗಲಿ ಎನ್ನುವ ಪದ್ಯ. ಅದೂ ಗದ್ಯಾನುವಾದವೇ. ದ್ಯುಪಾರ್ಕ್ ತಾನು ಬರೆದದ್ದರಲ್ಲಿ ಬಹಳಷ್ಟನ್ನು ಹರಿದು ಹಾಕಿದವನು. ಉಳಿದ ಕೆಲವೇ ಹಾಡುಗಳಲ್ಲಿ ಇದೂ ಒಂದು. ಪಿಯಾನೋ ಮೆಲ್ಲಗೆ ಹೆಜ್ಜೆ ಇಡುತ್ತದೆ, ಹಾಡುವವರು ಹೆಚ್ಚುಕಡಿಮೆ ಮಾತಾಡುತ್ತಾರೆ. ಡಬ್ಲಿನ್ನಿನ ಗಲ್ಲಿನ ಕಥೆಯನ್ನು ಒಬ್ಬ ಫ್ರೆಂಚನು ಹೀಗೆ ಅರ್ಥಮಾಡಿಕೊಂಡನಲ್ಲ!

ಇನ್ನು ಹಾಡೇ ಬೇಡ ಎಂದ ಕವಿ. ಡಬ್ಲ್ಯು. ಬಿ. ಯೇಟ್ಸ್. ಇವನಿಗೆ ಸಂಗೀತದ ಕಿವಿ ಇರಲಿಲ್ಲ. ಅದನ್ನು ಮುಚ್ಚಿಟ್ಟವನೂ ಅಲ್ಲ. ಹಾಡುಗಾರರು ಸ್ವರ ಎಳೆದು ಎಳೆದು ಮಾತನ್ನು ಕೊಲ್ಲುತ್ತಾರೆ ಎಂಬುದು ಅವನ ದೂರು. ನಮ್ಮಲ್ಲೂ ಭಾವಗೀತೆ ಕೇಳುವಾಗ ಈ ಜಗಳ ಇದ್ದದ್ದೇ, ಅಲ್ವಾ? ಯೇಟ್ಸ್ ಬೇರೆ ದಾರಿ ಹುಡುಕಿದ. 1901ರಲ್ಲಿ ಆರ್ನಲ್ಡ್ ಡಾಲ್ಮೆಚ್ ಎಂಬ ವಾದ್ಯ ತಯಾರಕ ಸಾಲ್ಟರಿ ಎಂಬ ತಂತಿವಾದ್ಯ ಮಾಡಿಕೊಟ್ಟ. ಫ್ಲಾರೆನ್ಸ್ ಫಾರ್ ಎಂಬ ನಟಿ ಅದನ್ನು ಮೀಟುತ್ತ ಪದ್ಯ ಹೇಳುತ್ತಿದ್ದಳು. ಹಾಡುವುದಲ್ಲ, ಹೇಳುವುದು. ನಮ್ಮ ಗಮಕ ಬಲ್ಲವರಿಗೆ ಇದು ತೀರ ವಿಚಿತ್ರ ಅನಿಸಲಾರದು. ಲಂಡನ್ನಿನಲ್ಲಿ ಅದು ಬಹಳ ದಿನ ನಡೆಯಲಿಲ್ಲ.

ತಮಾಷೆ ನೋಡಿ. ಅವನ ಸ್ಯಾಲಿ ಗಾರ್ಡನ್ಸ್ ಪದ್ಯ ಹುಟ್ಟಿದ್ದೇ ಒಂದು ಹಳೆಯ ಹಾಡಿನಿಂದ. ಸ್ಲೈಗೋ ಜಿಲ್ಲೆಯ ಬ್ಯಾಲಿಸೊಡೇರ್ ಹಳ್ಳಿಯ ಮುದುಕಿಯೊಬ್ಬಳು ಅರೆಬರೆ ನೆನಪಿಟ್ಟುಕೊಂಡಿದ್ದ ಮೂರು ಸಾಲು ಕೇಳಿ ಯೇಟ್ಸ್ ಅದನ್ನು ಬೆಳೆಸಿದ. 1889ರಲ್ಲಿ ಅಚ್ಚಾಯಿತು. 1909ರಲ್ಲಿ ಹರ್ಬರ್ಟ್ ಹ್ಯೂಸ್ ಅದಕ್ಕೆ ಒಂದು ಹಳೆಯ ಐರಿಷ್ ಧಾಟಿ ಹೊಂದಿಸಿದ. ಅದೇ ಧಾಟಿಗೆ ಇಂಗ್ಲೆಂಡಿನ ಸಂಯೋಜಕ ಬೆಂಜಮಿನ್ ಬ್ರಿಟನ್ 1940ರ ದಶಕದಲ್ಲಿ ಪಿಯಾನೋದ ಪಕ್ಕವಾದ್ಯ ಬರೆದ. ಪಿಯಾನೋ ಅಲ್ಲಿ ಮೈ ಹಿಡಿದುಕೊಂಡು ಕೂತಿದೆ. ಎಲ್ಲೂ ಮೇಲೆ ಬೀಳುವುದಿಲ್ಲ.

ಯೇಟ್ಸ್ ಪದ್ಯಗಳ ಅತ್ಯುತ್ತಮ ಸಂಗೀತ ಯಾವುದು ಎಂದು ಕೇಳಿದರೆ ನಾನು ಪೀಟರ್ ವಾರ್ಲಾಕ್‌ನ ದಿ ಕರ್ಲ್ಯೂ ಎನ್ನುತ್ತೇನೆ. ವಾರ್ಲಾಕ್ ಇಂಗ್ಲೆಂಡಿನ ಸಂಯೋಜಕ. ಅದು ಅವನು ಇಟ್ಟುಕೊಂಡ ಹೆಸರು, ನಿಜ ಹೆಸರು ಫಿಲಿಪ್ ಹೆಸೆಲ್ಟೈನ್. ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ವರ್ಷ ಐರ್ಲೆಂಡಿನಲ್ಲಿ ಕಳೆದ. 1920ರಿಂದ 22ರ ನಡುವೆ ಯೇಟ್ಸ್‌ನ ನಾಲ್ಕು ಪದ್ಯಗಳನ್ನು ಒಂದೇ ಕೃತಿಯಾಗಿ ಹೆಣೆದ. ಒಬ್ಬ ಟೆನರ್, ಒಂದು ಕೊಳಲು, ನಾಲ್ಕು ತಂತಿವಾದ್ಯ, ಜೊತೆಗೆ ಕೋರ್ ಆಂಗ್ಲೆ ಎಂಬ ಮೂಗುದನಿಯ ಊದುವಾದ್ಯ. ಆ ವಾದ್ಯವೇ ಇಲ್ಲಿ ಕರ್ಲ್ಯೂ ಹಕ್ಕಿ. ಬಾಗಿದ ಉದ್ದ ಕೊಕ್ಕಿನ, ಜೌಗು ನೆಲದ ಹಕ್ಕಿ ಅದು. ಇನ್ನು ಕೂಗಬೇಡ, ನಿನ್ನ ಕೂಗು ಹಳೆಯದನ್ನೆಲ್ಲ ನೆನಪಿಗೆ ತರುತ್ತದೆ ಎಂದು ಕವಿ ಅದನ್ನು ಬೇಡುತ್ತಾನೆ. ಹಾಡುಗಾರ ಬಾಯಿ ತೆರೆಯುವ ಮೊದಲು ವಾದ್ಯಗಳು ಸುಮಾರು ಹೊತ್ತು ನುಡಿಯುತ್ತವೆ. ಮಾತು ಬರುವ ಹೊತ್ತಿಗೆ ನೀವು ಆ ಜೌಗಿನಲ್ಲಿ ನಿಂತಿರುತ್ತೀರಿ. ಸಂತೋಷದ ಕೃತಿಯಲ್ಲ. ಬೆಳಿಗ್ಗೆ ಕೇಳಬೇಡಿ.

ಈಗ ಜಾಯ್ಸ್ ಕಡೆಗೆ. ಅವನ ಮೊದಲ ಪದ್ಯಸಂಗ್ರಹ 1907ರಲ್ಲಿ ಬಂತು. ಹೆಸರೇ ಚೇಂಬರ್ ಮ್ಯೂಸಿಕ್. 36 ಪುಟ್ಟ ಪದ್ಯ. ಇವುಗಳನ್ನು ಯಾರಾದರೂ ಹಾಡಾಗಿಸಲಿ ಎಂಬ ಆಸೆ ಅವನಿಗೆ ಜೋರಾಗಿತ್ತು. ಜೆಫ್ರಿ ಮಾಲಿನ್ಯೂ ಪಾಮರ್ ಎಂಬ ಸಂಯೋಜಕ 32 ಪದ್ಯಗಳಿಗೆ ರಾಗ ಹಾಕಿದ. ಜಾಯ್ಸ್ ಮೆಚ್ಚಿದ, ಅಚ್ಚು ಹಾಕಿಸು ಎಂದ. ಪಾಮರ್ ಹಾಕಿಸಲಿಲ್ಲ. ಅವು ಪುಸ್ತಕವಾದದ್ದು ಇಬ್ಬರೂ ತೀರಿಕೊಂಡು ಎಷ್ಟೋ ಕಾಲದ ಮೇಲೆ, 1993ರಲ್ಲಿ.

ಅಷ್ಟರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಾರ್ಬರ್ ಆ ಸಂಗ್ರಹದ ಮೂರು ಪದ್ಯಗಳಿಗೆ 1936ರ ಹೊತ್ತಿಗೆ ರಾಗ ಹಾಕಿ ಮುಗಿಸಿದ್ದ. ಬಾರ್ಬರ್ ಸ್ವತಃ ಹಾಡುಗಾರ, ಬ್ಯಾರಿಟೋನ್, ಅಂದರೆ ಟೆನರ್‌ಗಿಂತ ತಗ್ಗಿನ ದನಿಯವನು. ಹಾಡುವವನ ಉಸಿರು ಎಲ್ಲಿ ಮುಗಿಯುತ್ತದೆ ಎಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಮೂರನೆಯ ಹಾಡಿನಲ್ಲಿ ಕನಸಿನೊಳಗೆ ಒಂದು ಸೈನ್ಯ ನುಗ್ಗಿ ಬರುತ್ತದೆ. ಪಿಯಾನೋದ ತುಂಬ ಕುದುರೆ ಗೊರಸಿನ ಸದ್ದು. ಕೊನೆಗೆ ಎಲ್ಲ ಬಿಟ್ಟು, ನನ್ನನ್ನೇಕೆ ಒಂಟಿ ಮಾಡಿದೆ ಎಂಬ ಕೂಗು.

ಆದರೆ ಬಾರ್ಬರ್ ಕೈಯಲ್ಲಿ ಐರ್ಲೆಂಡ್ ಪೂರ್ತಿ ಅರಳಿದ್ದು 1953ರಲ್ಲಿ. ಹರ್ಮಿಟ್ ಸಾಂಗ್ಸ್, ಅಂದರೆ ವಿರಕ್ತರ ಹಾಡುಗಳು. ಎಂಟರಿಂದ ಹದಿಮೂರನೆಯ ಶತಮಾನದವರೆಗಿನ ಐರಿಷ್ ಸನ್ಯಾಸಿಗಳ, ಪಂಡಿತರ ಪದ್ಯಗಳು. ಮಠದಲ್ಲಿ ಕೂತು ಹಸ್ತಪ್ರತಿ ನಕಲು ಮಾಡುವಾಗ ಬೇಸರ ಬಂದು ಅಂಚಿನಲ್ಲಿ ಗೀಚಿದವೂ ಇವುಗಳಲ್ಲಿ ಸೇರಿವೆ. ಬರೆದವರ ಹೆಸರು ಹೆಚ್ಚಿನವಕ್ಕೆ ಇಲ್ಲ. ಹಾಡಬೇಕೆಂಬ ಯೋಚನೆಯಂತೂ ಅವರಿಗೆ ಇದ್ದಿರಲಾರದು. ಬಾರ್ಬರ್ ಹತ್ತು ಪದ್ಯ ಆರಿಸಿದ, ಇಂಗ್ಲಿಷ್ ಅನುವಾದದಲ್ಲಿ. ತಾಳದ ಗುರುತೇ ಹಾಕಲಿಲ್ಲ. ಮಾತು ಎಲ್ಲಿಗೆ ಹೋಗುತ್ತದೋ ಲಯ ಅಲ್ಲಿಗೆ.

ಒಂದು ಹಾಡು ಬರೀ ಎರಡು ಸಾಲು. ಈಡನ್ ಯಾರ ಜೊತೆ ಮಲಗುತ್ತಾಳೋ ಗೊತ್ತಿಲ್ಲ, ಒಬ್ಬಳೇ ಮಲಗುವುದಿಲ್ಲ ಎಂಬುದು ಗೊತ್ತು. ಅಷ್ಟೇ! ಒಂಬತ್ತನೆಯ ಶತಮಾನದ ಮಠದ ಹರಟೆ. ಇನ್ನೊಬ್ಬ ಸನ್ಯಾಸಿಗೆ ಗಾಳಿಯ ರಾತ್ರಿಯಲ್ಲಿ ಗಂಟೆಯ ಸದ್ದು ಕೇಳುತ್ತದೆ. ಚೆಲ್ಲು ಹೆಂಗಸಿನ ಸಹವಾಸಕ್ಕಿಂತ ನಿನ್ನ ಸಹವಾಸವೇ ವಾಸಿ ಎನ್ನುತ್ತಾನೆ. ಹಾಗೆ ಹೇಳಬೇಕಾಗಿ ಬಂತಲ್ಲ ಎಂದು ನನಗೆ ನಗು. ಸಂತ ಬ್ರಿಜಿಡ್ ಹೆಸರಿನ ಪದ್ಯದಲ್ಲಿ ಆಕೆ ಸ್ವರ್ಗದವರನ್ನೆಲ್ಲ ತನ್ನ ಮನೆಗೆ ಕರೆಯುತ್ತಾಳೆ. ದೇವರಿಗೆ ಒಂದು ಕೆರೆಯಷ್ಟು ಬಿಯರ್ ಇಡಬೇಕೆಂದು ಆಸೆಪಡುತ್ತಾಳೆ.

ಬೆಕ್ಕಿನ ಹಾಡು ಎಲ್ಲಕ್ಕಿಂತ ಪ್ರಸಿದ್ಧ. ಒಂಬತ್ತನೆಯ ಶತಮಾನದಲ್ಲಿ ಯುರೋಪಿನ ನಡುಭಾಗದ ಒಂದು ಮಠದಲ್ಲಿದ್ದ ಐರಿಷ್ ಸನ್ಯಾಸಿ ತನ್ನ ಬಿಳಿ ಬೆಕ್ಕು ಪ್ಯಾಂಗರ್ ಬಗ್ಗೆ ಬರೆದದ್ದು. ಆ ಹಸ್ತಪ್ರತಿ ಈಗ ಆಸ್ಟ್ರಿಯಾದ ಸೇಂಟ್ ಪಾಲ್ ಮಠದಲ್ಲಿದೆ. ಬೆಕ್ಕು ಇಲಿ ಹಿಡಿಯುತ್ತದೆ, ನಾನು ಅರ್ಥ ಹಿಡಿಯುತ್ತೇನೆ, ಯಾರಿಗೂ ಯಾರ ಕಾಟವೂ ಇಲ್ಲ ಎನ್ನುತ್ತಾನೆ. ಬಾರ್ಬರ್ ಪಿಯಾನೋದಲ್ಲಿ ಅಕ್ಕಪಕ್ಕದ ಕೀಗಳನ್ನು ಒಟ್ಟಿಗೆ ಒತ್ತಿಸುತ್ತಾನೆ. ಬೆಕ್ಕು ಕೀಗಳ ಮೇಲೆ ಓಡಾಡಿದ ಹಾಗೆ.

1953ರ ಅಕ್ಟೋಬರ್ 30ರಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಈ ಹಾಡುಗಳು ಮೊದಲು ಕೇಳಿಬಂದವು. ಪಿಯಾನೋ ಮುಂದೆ ಬಾರ್ಬರ್. ಹಾಡಿದವರು ಮಿಸ್ಸಿಸಿಪ್ಪಿಯ ಕಪ್ಪು ಹುಡುಗಿ, 26 ವರ್ಷದ ಲಿಯೊಂಟಿನ್ ಪ್ರೈಸ್. ಒಪೇರಾದಲ್ಲಿ ದೊಡ್ಡ ಹೆಸರು ಮಾಡಿದ್ದು ಆಮೇಲೆ. ಇವರಿಬ್ಬರ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಹತ್ತೂ ಹಾಡು ಸೇರಿ ಇಪ್ಪತ್ತು ನಿಮಿಷವೂ ಇಲ್ಲ. ಪೂರ್ತಿ ಕೇಳಲು ಪುರುಸೊತ್ತಿಲ್ಲದಿದ್ದರೆ ಬೆಕ್ಕಿನಿಂದ ಶುರುಮಾಡಿ, ಅದಾದ ಮೇಲೆ ಬಿಯರ್ ಕೆರೆಗೆ ಬನ್ನಿ. ನಮಸ್ಕಾರ.