ನೋವಿಲ್ಲದ ಗಂಟು: ಯಾವಾಗ ಡಾಕ್ಟರಿಗೆ ತೋರಿಸಬೇಕು?

(ಪರದೆಯಲ್ಲಿ: ಮುಂಗೈ ಮೇಲೆ ಒಂದು ಸಣ್ಣ ಉಬ್ಬು, ಅದನ್ನು ಒತ್ತಿ ನೋಡುತ್ತಿರುವ ಬೆರಳು)

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳುವ ಪ್ರಶ್ನೆ ಇದು: "ಚರ್ಮದ ಕೆಳಗೆ ಒಂದು ಗಂಟು ಕೈಗೆ ಸಿಗ್ತಿದೆ. ನೋವೇನೂ ಇಲ್ಲ. ಹಾಗೇ ಬಿಡಬಹುದಾ?" ನನಗೆ ಚಿಂತೆ ಹುಟ್ಟಿಸೋದು ಆ "ನೋವೇನೂ ಇಲ್ಲ" ಅನ್ನೋ ಸಮಾಧಾನವೇ.

ಮೊದಲು ಸಾಮಾನ್ಯವಾದವುಗಳನ್ನು ಬೇಗ ಮುಗಿಸೋಣ. ಅತಿ ಹೆಚ್ಚು ಕಾಣೋದು ಕೊಬ್ಬಿನ ಗಡ್ಡೆ, ಅಂದ್ರೆ ಲಿಪೋಮಾ. ಕಲಸಿಟ್ಟ ಚಪಾತಿ ಹಿಟ್ಟಿನ ಹಾಗೆ ಮೆತ್ತಗಿರುತ್ತೆ, ಅಂಚಿನಲ್ಲಿ ಒತ್ತಿದರೆ ಬೆರಳಿನಡಿಯಿಂದ ಜಾರಿಕೊಳ್ಳುತ್ತೆ. ಇನ್ನೊಂದು ಚರ್ಮದ ಸಿಸ್ಟ್, ಅಂದ್ರೆ ಚರ್ಮದಡಿಯ ಸಣ್ಣ ಚೀಲ: ಹತ್ತಿರದಿಂದ ನೋಡಿದರೆ ಎಷ್ಟೋ ಸಲ ನಡುವೆ ಒಂದು ಕಪ್ಪು ಚುಕ್ಕೆ ಇರುತ್ತೆ. ಅದನ್ನು ಮನೆಯಲ್ಲಿ ಹಿಂಡಬೇಡಿ, ಕೀವಾಗುತ್ತೆ. ಮಣಿಕಟ್ಟಿನ ಮೇಲೆ ಬರೋದು ಹೆಚ್ಚಾಗಿ ಗ್ಯಾಂಗ್ಲಿಯನ್, ಒಳಗೆ ಲೋಳೆಯಂಥ ದ್ರವ. ಈ ಮೂರೂ ಸಾಮಾನ್ಯವಾಗಿ ನಿರುಪದ್ರವಿ.

ಹಾಗಾದರೆ ನೋವು ಯಾವಾಗ ಬರುತ್ತೆ? ಕೀವು ತುಂಬಿ ಬಾತಾಗ, ಇಲ್ಲವೇ ನರದ ಮೇಲೆ ಒತ್ತಡ ಬಿದ್ದಾಗ. ನಿಧಾನವಾಗಿ ಬೆಳೆಯೋ ಗಂಟು ಇವೆರಡನ್ನೂ ಮಾಡದೆ ತಿಂಗಳುಗಟ್ಟಲೆ ಸುಮ್ಮನಿರಬಲ್ಲದು. ಕ್ಯಾನ್ಸರ್ ಗಡ್ಡೆ ಶುರುವಿನಲ್ಲಿ ಎಷ್ಟೋ ಸಲ ನೋಯೋದೇ ಇಲ್ಲ. ಕುತ್ತಿಗೆಯ ಟಿಬಿ ಗಂಟೂ ಅಷ್ಟೇ.

ಈ ಕುತ್ತಿಗೆಯ ಟಿಬಿ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ನಮ್ಮಲ್ಲಿ ಇದಕ್ಕೆ ಗಂಡಮಾಲೆ ಅಂತಾರೆ. ಕುತ್ತಿಗೆಯ ದುಗ್ಧಗ್ರಂಥಿಗಳು, ಅಂದ್ರೆ ಸೋಂಕನ್ನು ತಡೆಯೋ ಸಣ್ಣ ಗ್ರಂಥಿಗಳು (ಲಿಂಫ್ ನೋಡ್), ಒಂದೊಂದಾಗಿ ಊದಿ, ಒಂದಕ್ಕೊಂದು ಅಂಟಿಕೊಳ್ತವೆ. ಒಳಗೆ ಕೀವಾದರೂ ಮುಟ್ಟಿದರೆ ಬಿಸಿ ಇರಲ್ಲ, ನೋವೂ ಅಷ್ಟಾಗಿ ಇರಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸಿನಲ್ಲಿ ನೂರಾರು ವರ್ಷ ಇದಕ್ಕಿದ್ದ ಹೆಸರಾಂತ ಚಿಕಿತ್ಸೆ ಏನು ಗೊತ್ತಾ? ರಾಜ ಬಂದು ಮುಟ್ಟೋದು! ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ತನ್ನ ಆಳ್ವಿಕೆಯಲ್ಲಿ 90,000ಕ್ಕೂ ಹೆಚ್ಚು ರೋಗಿಗಳನ್ನು ಮುಟ್ಟಿದ ಅಂತ ಲೆಕ್ಕ ಸಿಗುತ್ತೆ. ಮುಟ್ಟಿಸಿಕೊಂಡವರ ಕೊರಳಿಗೆ ಒಂದು ಚಿನ್ನದ ನಾಣ್ಯ. 1712ರಲ್ಲಿ ರಾಣಿ ಆನ್ ಹತ್ತಿರ ಎರಡೂವರೆ ವರ್ಷದ ಒಂದು ಮಗುವನ್ನು ತಾಯಿ ಕರೆತಂದಳು. ಮುಂದೆ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಆತ. ರಾಣಿ ಮುಟ್ಟಿದರೂ ವಾಸಿಯಾಗಲಿಲ್ಲ. ಗಂಟನ್ನು ಕೊಯ್ಸಿದ ಕಲೆ ಕೊನೆವರೆಗೂ ಉಳೀತು.

ಜನ ಅಷ್ಟು ವರ್ಷ ಯಾಕೆ ನಂಬಿದರು? ಈ ಗಂಟು ಕೆಲವರಲ್ಲಿ ತಾನಾಗೇ ಇಳಿಯುತ್ತೆ, ಮತ್ತೆ ಏಳುತ್ತೆ. ಇಳಿದಾಗ ಕೀರ್ತಿ ರಾಜನಿಗೆ. ಇವತ್ತಿಗೂ ಲೇಪ ಹಚ್ಚಿ, ದಾರ ಕಟ್ಟಿ, ಬರೆ ಹಾಕಿಸಿ ಕಾಯೋರಿದ್ದಾರೆ. ಅದೇ ಹೊತ್ತಿಗೆ ಗಂಟು ಸ್ವಲ್ಪ ಇಳಿದುಬಿಟ್ಟರೆ ಆಸ್ಪತ್ರೆಗೆ ಹೋಗೋದು ಇನ್ನೂ ಆರು ತಿಂಗಳು ತಡ. ನನಗೆ ಸಂಕಟ ಆಗೋದು ಇಲ್ಲೇ, ಯಾಕಂದ್ರೆ ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ 6 ತಿಂಗಳ ಕೋರ್ಸ್. ಒಂದು ವಿಷಯ ನೆನಪಿಡಿ: ಮಾತ್ರೆ ಶುರು ಮಾಡಿದ ಮೇಲೆ ಕೆಲವರಿಗೆ ಗಂಟು ಕೆಲಕಾಲ ಇನ್ನೂ ದೊಡ್ಡದಾಗುತ್ತೆ. ಹೆದರಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೋಗಿ ತೋರಿಸಿ.

(ಪರದೆಯಲ್ಲಿ: ಕುತ್ತಿಗೆ, ಕಾಲರ್ ಮೂಳೆ, ಕಂಕುಳು, ತೊಡೆಸಂದಿ ಗುರುತಿಸಿದ ಚಿತ್ರ)

ಸಮಯ ಆಗ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳ್ತೀನಿ. ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟು ಎರಡು ಮೂರು ವಾರವಾದರೂ ಇಳಿಯದಿದ್ದರೆ ತೋರಿಸಿ. ಎಲ್ಲೇ ಇರಲಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ಅಲುಗಾಡದಿದ್ದರೆ, ಬೆಳೀತಾ ಇದ್ದರೆ, 5 ಸೆಂಟಿಮೀಟರ್ ದಾಟಿದ್ದರೆ, ತೆಗೆಸಿದ ಮೇಲೆ ಮತ್ತೆ ಬಂದರೆ, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಇದ್ದರೆ ಕಾಯಲೇಬೇಡಿ. ಕಾಲರ್ ಮೂಳೆ ಮೇಲಿನ ಗಂಟು ಚಿಕ್ಕದಾದರೂ ಬೇಗ ತೋರಿಸಿ. ಎಡಗಡೆಯದು ಕೆಲವೊಮ್ಮೆ ಹೊಟ್ಟೆಯ ಕ್ಯಾನ್ಸರಿನ ಮೊದಲ ಸುಳಿವು. ಸ್ತನದಲ್ಲಿ ಹೊಸ ಗಂಟು ಕಂಡರೆ, ವೃಷಣದಲ್ಲಿ ಗಂಟು ಸಿಕ್ಕರೆ, ನಾಚಿಕೆ ಬಿಟ್ಟು ಅದೇ ವಾರ ಹೋಗಿ.

"ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತೆ" ಅಂತ ಹಿರಿಯರು ಹೇಳೋದನ್ನು ಕೇಳಿರ್ತೀರಿ. ಕುತ್ತಿಗೆ ಗಂಟಿಗೆ ಮಾಡೋ ಸೂಜಿ ಪರೀಕ್ಷೆಯಲ್ಲಿ ಸಣ್ಣ ಸೂಜಿಯಿಂದ ಒಂದಿಷ್ಟು ಜೀವಕೋಶ ತೆಗೀತಾರೆ, ಕೆಲವೇ ನಿಮಿಷದ ಕೆಲಸ. ಟಿಬಿಯೋ, ಕ್ಯಾನ್ಸರೋ, ಬರೀ ಸೋಂಕೋ ಅನ್ನೋದಕ್ಕೆ ಅದರಿಂದ ಎಷ್ಟೋ ಸಲ ಉತ್ತರ ಸಿಗುತ್ತೆ. ಡಾಕ್ಟರ್ ಹೇಳಿದರೆ ಆ ಭಯಕ್ಕೆ ಮುಂದೂಡಬೇಡಿ.